ಫೀಸಿಲ್ಲದ ಪಾಠಕ್ಕೆ ನಾವೂ ಒಂದು ಕೈ ಹಾಕೋಣ

ಎಸೆಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ಟ್ಯೂಷನ್ ಫೀಸಿನದ್ದು. ಬಳ್ಳಾರಿ ನಗರದಲ್ಲಾದರೆ ಟ್ಯೂಷನ್ ಕ್ಲಾಸುಗಳು ಸಿಗುತ್ತವೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿ ಮಕ್ಕಳು ಅದಕ್ಕಾಗಿ ಬಸ್ಸು ಹಿಡಿಯಬೇಕು. ಭತ್ತದ ಗದ್ದೆಯ ಕೂಲಿ, ಜೀನ್ಸ್ ಹೊಲಿಗೆಯ ಸಂಬಳ ನಂಬಿದ ಮನೆಗೆ ಫೀಸೂ ಭಾರ, ಬಸ್ ಚಾರ್ಜೂ ಭಾರ.

ಇನ್ನೊಂದು ತೊಡಕೂ ಇದೆ. ಇಲ್ಲಿ ಎಷ್ಟೋ ಮನೆಗಳ ಮಾತು ಉರ್ದು ಅಥವಾ ತೆಲುಗು. ಕರಾವಳಿಯಿಂದ ಹೋಗಿ ನೆಲೆಸಿದ ನಮ್ಮವರ ಮನೆಯಲ್ಲಿ ಬ್ಯಾರಿ. ಶಾಲೆಯ ಪಾಠ ಮಾತ್ರ ಪುಸ್ತಕದ ಕನ್ನಡದಲ್ಲಿ. ಒಮ್ಮೆ ಕೇಳಿದರೆ ತಲೆಗೆ ಹೋಗುವುದಿಲ್ಲ. ಚಿತ್ರ ತೋರಿಸಿ, ನಿಧಾನವಾಗಿ ಇನ್ನೊಂದು ಸಲ ಹೇಳುವವರು ಬೇಕು.

ಮೇಷ್ಟ್ರುಗಳೇ ಕಟ್ಟಿದ ಕಣಜ

ಇಂಥ ಮಕ್ಕಳಿಗೆ ನೆರವಾಗುವ ಒಂದು ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ. ಅದರ ಹೆಸರು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’. ಶಿಕ್ಷಣ ಇಲಾಖೆಯ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಕೂಡಿ ಇದನ್ನು ಕಟ್ಟಿದವು. ಸರಕಾರಿ ಹೈಸ್ಕೂಲಿನ ಮೇಷ್ಟ್ರು, ಟೀಚರುಗಳೇ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಸೇರಿಸಿದ್ದಾರೆ. ಜಿಯೋಜೀಬ್ರಾದಂಥ ತಂತ್ರಾಂಶವನ್ನೂ ಪಾಠಕ್ಕೆ ಬಳಸಿದ್ದಾರೆ. ಅದರಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಕದಲುವುದಿಲ್ಲ. ಬಾಯಿಪಾಠ ಮಾಡಿದ್ದು ಮರೆತುಹೋದೀತು, ಕಣ್ಣಾರೆ ಕಂಡದ್ದು ಉಳಿಯುತ್ತದೆ.

‘ಮುಕ್ತ’ ಅಂದರೆ ಬರೀ ಪುಕ್ಕಟೆ ಅಲ್ಲ. ಈ ಪಾಠವನ್ನು ನಕಲು ಮಾಡಬಹುದು, ತಿದ್ದಬಹುದು, ಅಚ್ಚು ಹಾಕಿ ಹಂಚಬಹುದು. ಸಿರುಗುಪ್ಪದ ಮೇಷ್ಟ್ರು ಕ್ಷೇತ್ರಫಲದ ಲೆಕ್ಕವನ್ನು ಅಲ್ಲಿನ ಭತ್ತದ ಗದ್ದೆಗೇ ಹೊಂದಿಸಿ ಬರೆಯಬಹುದು.

ಮೇಷ್ಟ್ರಲ್ಲದವರು ಏನು ಮಾಡಬಹುದು?

ಅವರಿಗೆ ಕನ್ನಡ ವಿಕಿಪೀಡಿಯ ಇದೆ. 2003ರಲ್ಲಿ ಶುರುವಾದದ್ದು, ಜಾಹೀರಾತಿಲ್ಲ, ಓದಲು ಕಾಸಿಲ್ಲ, ಬರೆಯುವವರಿಗೂ ಸಂಬಳವಿಲ್ಲ. ಪಾಠದಲ್ಲಿ ಅಶೋಕ ಅಂದರೆ ಮಕ್ಕಳಿಗೆ ದೂರದ ಪಾಟಲಿಪುತ್ರ. ಆದರೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೆಗೋಳದ ಶಾಸನಗಳಲ್ಲಿ ಅಶೋಕನ ಹೆಸರೇ ಕೆತ್ತಿದೆ. ತೆಕ್ಕಲಕೋಟೆ, ಸಂಗನಕಲ್ಲುಗಳಲ್ಲಿ ನವಶಿಲಾಯುಗದ ಜನ ಬಾಳಿದ್ದರು. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರ ಗುಡಿ ಇದೆ. ಇವುಗಳ ಒಳ್ಳೆಯ ಫೋಟೊ, ಸರಿಯಾದ ನಾಲ್ಕು ಸಾಲು ಸೇರಿಸಲು ಊರವರಿಗಿಂತ ಯಾರು ಬೇಕು?

ನಿಯಮ ಕಷ್ಟದ್ದಲ್ಲ. ಪುಸ್ತಕದಿಂದ ಎತ್ತಿ ಹಾಕಬಾರದು, ಸ್ವಂತ ಮಾತಿನಲ್ಲಿ ಬರೆಯಬೇಕು. ಮಾಹಿತಿ ಎಲ್ಲಿಂದ ಬಂತೆಂದು ಹೇಳಬೇಕು. ಫೋಟೊ ನಾವೇ ತೆಗೆದದ್ದಾಗಬೇಕು. ಬೇರೆಯವರು ಬಂದು ತಿದ್ದಿದರೆ ಮುನಿಸಿಕೊಳ್ಳಬಾರದು. ತುಳುವಿನವರು ಹೀಗೇ ವರ್ಷಗಟ್ಟಲೆ ಬರೆದು 2016ರಲ್ಲಿ ತಮ್ಮದೇ ವಿಕಿಪೀಡಿಯ ಪಡೆದರು. ನಮ್ಮ ಬ್ಯಾರಿ ಭಾಷೆಗೂ ಅಂಥದೊಂದು ದಿನ ಬರಲಿ.

ಸದಕಾ ಅಂದರೆ ನಾವು ಜೇಬು ನೋಡಿಕೊಳ್ಳುತ್ತೇವೆ. ಆದರೆ ಅಕ್ಷರ ಬಲ್ಲವರ ಬಳಿ ಕೊಡಲು ಸಮಯವೂ ಇದೆ. ಒಬ್ಬರಿಗೆ ಕಟ್ಟಿದ ಫೀಸು ಆ ವರ್ಷಕ್ಕೆ ಮುಗಿಯಿತು. ತಿದ್ದಿಟ್ಟ ಒಂದು ಪಾಠ ಬರುವ ವರ್ಷದ ಮಕ್ಕಳಿಗೂ ಸಿಗುತ್ತದೆ. ಡಿಗ್ರಿ ಓದುವ ಮಕ್ಕಳು, ನಿವೃತ್ತ ಮೇಷ್ಟ್ರು, ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳು ವಾರಕ್ಕೊಂದು ಗಂಟೆ ತೆಗೆದಿಟ್ಟರೂ ಸಾಕು. ಮೊದಲ ವಾರ ಒಂದು ಪುಟ ಓದಿ ಕಾಗುಣಿತದ ತಪ್ಪು ತಿದ್ದಿ. ಆಮೇಲಿನದು ತಾನಾಗಿ ಕೈಗೆ ಹತ್ತುತ್ತದೆ.