ಗೂರಲು ರೋಗವೂ ದೇಹದ ಅಂತಃಸ್ರಾವಗಳೂ

ತೋರಣಗಲ್ಲಿನಿಂದ ಸಂಡೂರಿನ ಕಡೆಗೆ ಬೇಸಗೆಯಲ್ಲಿ ಪ್ರಯಾಣ ಮಾಡಿದವರಿಗೆ ಹಾದಿಯ ಮಗ್ಗುಲಿನ ಮರಗಳ ಬಣ್ಣವು ನೆನಪಿರಬಹುದು. ಕಬ್ಬಿಣದ ಅದಿರಿನ ಕೆಂಧೂಳು ಎಲೆಯ ಮೇಲೆ ಕುಳಿತು ಹಸುರು ಮಾಸಿಹೋಗಿರುತ್ತದೆ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು; ಅನಂತರ ಗಣಿಗಳು ನಿರ್ಬಂಧಗಳೊಡನೆ ಮತ್ತೆ ತೆರೆದುವು. ಈ ಸೀಮೆಯಲ್ಲಿ ಯಾರಿಗಾದರೂ ದಮ್ಮು ಹತ್ತಿತೆಂದರೆ ಮೊದಲು ಅಪರಾಧಿಯ ಸ್ಥಾನದಲ್ಲಿ ನಿಲ್ಲತಕ್ಕದ್ದು ಈ ಧೂಳೇ. ಆರೋಪವು ಅನ್ಯಾಯವಾದುದಲ್ಲ. ಆದರೆ ಅದೊಂದರಿಂದಲೇ ವಿವರಿಸಲಾಗದ ಕೆಲವು ಸಂಗತಿಗಳುಂಟು. ಒಂದೇ ಮನೆಯಲ್ಲಿ ಒಂದೇ ಗಾಳಿಯನ್ನು ಸೇವಿಸುವ ಅಣ್ಣನಿಗೆ ಹದಿನಾರನೆಯ ವಯಸ್ಸಿಗೆ ಉಬ್ಬಸವು ಇಳಿದುಹೋಗಿ, ತಂಗಿಗೆ ಅದೇ ವಯಸ್ಸಿನಲ್ಲಿ ಪ್ರಾರಂಭವಾಗುವುದೇಕೆ? ಹಗಲೆಲ್ಲ ಧೂಳಿನಲ್ಲಿ ದುಡಿದು ಬಂದವನು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕಿಟಕಿಯ ಸರಳನ್ನು ಹಿಡಿದು ಕೂರುವುದೇಕೆ? ತಿಂಗಳಲ್ಲಿ ನಾಲ್ಕು ದಿನ ಮಾತ್ರ ಗೃಹಿಣಿಯ ಉಸಿರು ಕಟ್ಟುವುದೇಕೆ? ಈ ಪ್ರಶ್ನೆಗಳಿಗೆ ಉತ್ತರವು ಬಹುಮಟ್ಟಿಗೆ ನಮ್ಮ ರಕ್ತದಲ್ಲಿ ಹರಿಯತಕ್ಕ ಕೆಲವು ರಸಗಳಲ್ಲಿದೆ.

ಶ್ವಾಸನಾಳವು ತಲೆಕೆಳಗಾದ ಮರದಂತೆ ಕವಲೊಡೆದು ಶ್ವಾಸಕೋಶಗಳಲ್ಲಿ ಹರಡಿಕೊಂಡಿದೆಯೆಂಬುದು ಶ್ರೋತೃಗಳಿಗೆ ತಿಳಿದ ವಿಷಯ. ಸಣ್ಣ ಕವಲುಗಳ ಸುತ್ತ ಮಾಂಸದ ಪಟ್ಟಿಯುಂಟು. ಒಳಗೆ ತೆಳುವಾದ ಪೊರೆಯುಂಟು. ಗೂರಲಿನಲ್ಲಿ ಪಟ್ಟಿಯು ಬಿಗಿಯುತ್ತದೆ, ಪೊರೆಯು ಬಾತು ಅಂಟಾದ ಕಫವನ್ನು ಸುರಿಸುತ್ತದೆ. ಬಿಗಿತ ಬೇರೆ, ಬಾವು ಬೇರೆ. ಈ ಭೇದವನ್ನು ಜ್ಞಾಪಕದಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

1905ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು, ಗ್ರಂಥಿಗಳಿಂದ ಹೊರಟು ರಕ್ತದ ಮೂಲಕ ದೂರದ ಅಂಗಗಳನ್ನು ಚೋದಿಸತಕ್ಕ ರಸಗಳಿಗೆ ಹಾರ್ಮೋನು ಎಂದು ಹೆಸರಿಟ್ಟರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಇಂಥ ರಸಗಳ ದೊಡ್ಡ ಭಂಡಾರ. ತೂಕವೋ ಒಂದೊಂದು ನಾಲ್ಕೈದು ಗ್ರಾಂ ಮಾತ್ರ. ಇವು ಸ್ರವಿಸುವ ಅಡ್ರಿನಲೀನು ಶ್ವಾಸನಾಳದ ಬಿಗಿತವನ್ನು ಸಡಿಲಿಸುತ್ತದೆ; ಕಾರ್ಟಿಸಾಲು ಬಾವನ್ನು ಅಡಗಿಸುತ್ತದೆ. ರೋಗದ ಎರಡು ಕೇಡುಗಳಿಗೆ ದೇಹವು ಎರಡು ಮದ್ದುಗಳನ್ನು ತಾನೇ ಸಿದ್ಧಮಾಡಿಕೊಂಡಿದೆ.

ಆದರೆ ಈ ಮದ್ದುಗಳ ಸರಬರಾಜು ದಿನವೆಲ್ಲ ಒಂದೇ ಸಮನಾಗಿರುವುದಿಲ್ಲ. ಕಾರ್ಟಿಸಾಲು ನಡುರಾತ್ರಿಯ ಸುಮಾರಿಗೆ ಅತ್ಯಂತ ಕಡಮೆಯಾಗಿ, ನಸುಕಿಗೆ ಏರಿ, ಏಳುವ ಹೊತ್ತಿಗೆ ಶಿಖರಕ್ಕೆ ಬರುತ್ತದೆ. ಅಡ್ರಿನಲೀನೂ ರಾತ್ರಿಯಲ್ಲಿ ಇಳಿಯುತ್ತದೆ. ಕಾವಲುಗಾರರಿಬ್ಬರೂ ತೂಕಡಿಸುವ ಆ ವೇಳೆಯಲ್ಲಿ ಆರೋಗ್ಯವಂತರ ಶ್ವಾಸನಾಳವೂ ತುಸು ಕಿರಿದಾಗುತ್ತದೆ. ಗೂರಲಿನವರಿಗೆ ಅದೇ ತುಸುವು ಸಂಕಟವಾಗುತ್ತದೆ. ನಿದ್ರೆ, ಭಂಗಿ, ಹಾಸಿಗೆಗಳ ಪ್ರಭಾವವನ್ನು ಬೇರ್ಪಡಿಸಿ ನಡೆಸಿದ ಪ್ರಯೋಗಗಳಲ್ಲಿಯೂ ದೇಹದ ಒಳಗಡಿಯಾರದ ಕೈವಾಡವು ಸ್ಪಷ್ಟವಾಗಿ ಕಂಡುಬಂದಿದೆ. ನಮ್ಮ ಮನೆಗಳಲ್ಲಿಯಾದರೋ ದೂರೆಲ್ಲ ರಾತ್ರಿ ತಿಂದ ಬಾಳೆಯಹಣ್ಣಿನ ಮೇಲೆಯೇ! ಪದೇ ಪದೇ ರಾತ್ರಿ ಎಚ್ಚರವಾಗುತ್ತಿದ್ದರೆ ರೋಗವು ಹತೋಟಿಯಲ್ಲಿಲ್ಲವೆಂದು ವೈದ್ಯರು ಎಣಿಸುತ್ತಾರೆ. ಹಣ್ಣನ್ನು ಬಿಟ್ಟ ಮಾತ್ರದಿಂದ ಅದು ಸರಿಹೋಗದು.

ಇನ್ನು ಅಣ್ಣತಂಗಿಯರ ವಿಚಾರ. ಬಾಲ್ಯದಲ್ಲಿ ಈ ರೋಗವು ಹುಡುಗರಲ್ಲಿ ಹೆಚ್ಚು. ಪ್ರಾಯ ಬಂದ ಬಳಿಕ ತಕ್ಕಡಿಯು ತಿರುಗಿ, ಸ್ತ್ರೀಯರಲ್ಲಿಯೇ ಹೆಚ್ಚಾಗಿ, ಕಠಿನವೂ ಆಗುತ್ತದೆ. ಪುರುಷರ ಟೆಸ್ಟಾಸ್ಟಿರೋನು ಶ್ವಾಸನಾಳದಲ್ಲಿ ಬಾವನ್ನೆಬ್ಬಿಸುವ ಕೆಲವು ರಕ್ಷಕ ಕಣಗಳಿಗೆ ಕಡಿವಾಣ ಹಾಕುತ್ತದೆಂದು ಸಂಶೋಧನೆಗಳು ತೋರಿಸಿವೆ. ಸ್ತ್ರೀಯರ ಈಸ್ಟ್ರೋಜನ್ನಿಗೆ ಬಾವನ್ನು ಪ್ರೋತ್ಸಾಹಿಸುವ ಗುಣವುಂಟು. ಅದೂ ಪ್ರೊಜೆಸ್ಟಿರೋನೂ ತಿಂಗಳಿಡೀ ಏರಿಳಿಯುತ್ತವೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಉಬ್ಬಸವು ಹೆಚ್ಚುವುದು ಅನೇಕ ಸ್ತ್ರೀಯರ ಅನುಭವ. ಹೀಗಿರುವಲ್ಲಿ “ಕೆಲಸದ ದಿನವೇ ಇವಳಿಗೆ ದಮ್ಮು” ಎಂಬ ಅತ್ತೆಯ ಮಾತಾಗಲಿ, ಮನಸ್ಸಿನ ಭ್ರಮೆಯೆಂಬ ಗಂಡನ ತೀರ್ಮಾನವಾಗಲಿ ಕ್ರೂರವೇ ಸರಿ. ಆ ದಿನಗಳ ತಾರೀಖನ್ನು ಗುರುತಿಟ್ಟು ವೈದ್ಯರಿಗೆ ತಿಳಿಸಿದರೆ ಅವರು ಚಿಕಿತ್ಸೆಯನ್ನು ಅದಕ್ಕೆ ಹೊಂದಿಸಬಲ್ಲರು. ತಿಳಿಸುವುದಕ್ಕೆ ಸಂಕೋಚವೇ ಅಡ್ಡಿ.

ಗರ್ಭಿಣಿಯರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಗೂರಲು ಇಳಿಯುತ್ತದೆ, ಇನ್ನೊಬ್ಬರಿಗೆ ಉಲ್ಬಣಿಸುತ್ತದೆ, ಮತ್ತೊಬ್ಬರಿಗೆ ಇದ್ದಂತೆಯೇ ಇರುತ್ತದೆ. ಇಲ್ಲಿ ಅಪಾಯವಿರುವುದು ಬಸುರಿಗೆ ಔಷಧ ಕೂಡದೆಂದು ಹಿರಿಯರು ಪಂಪನ್ನು ಬಿಡಿಸುವುದರಲ್ಲಿ. ತಾಯಿಯ ರಕ್ತದಲ್ಲಿ ಪ್ರಾಣವಾಯು ಕುಂದಿದರೆ ಶಿಶುವಿಗೆ ಬೇರೆ ಗಾಳಿಯೆಲ್ಲಿ? ಸೇದುವ ಸಾಮಾನ್ಯ ಮದ್ದುಗಳನ್ನು ಗರ್ಭಕಾಲದಲ್ಲಿಯೂ ಮುಂದುವರಿಸಬೇಕೆಂಬುದೇ ವೈದ್ಯರ ಮತ.

ಪಂಪಿನ ಮದ್ದೂ ಮೇಲೆ ಹೇಳಿದ ರಸಗಳ ವಂಶದ್ದೇ. 1901ರ ಸುಮಾರಿಗೆ ಅಮೆರಿಕದಲ್ಲಿ ನೆಲಸಿದ್ದ ಜಪಾನೀ ರಸಾಯನಜ್ಞರಾದ ತಕಮಿನೆಯವರು ಅಡ್ರಿನಲೀನನ್ನು ಶುದ್ಧರೂಪದಲ್ಲಿ ತೆಗೆದರು. ಕೆಲವೇ ವರ್ಷಗಳಲ್ಲಿ ಅದು ಗೂರಲಿಗೆ ಸೂಜಿಮದ್ದಾಯಿತು. ಉಸಿರು ಬಿಡುತ್ತಿತ್ತು, ಜೊತೆಗೆ ಎದೆ ಡವಗುಟ್ಟುತ್ತಿತ್ತು. ಅದರ ರಚನೆಯನ್ನು ಮಾರ್ಪಡಿಸಿ, ಹೃದಯವನ್ನು ಆದಷ್ಟು ಬಿಟ್ಟು ಶ್ವಾಸನಾಳವನ್ನೇ ಮುಟ್ಟುವಂತೆ ಮಾಡಿದ ಸಾಲ್ಬ್ಯೂಟಮಾಲು 1960ರ ದಶಕದಲ್ಲಿ ಬಂದಿತು. ಕಾರ್ಟಿಸೋನನ್ನು 1948ರಲ್ಲಿ ಮೊದಲು ಕೀಲುವಾಯುವಿನ ರೋಗಿಗೆ ಕೊಟ್ಟು ನೋಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಎಂಬ ಮೂವರಿಗೆ ನೊಬೆಲ್ ಬಹುಮಾನ ದೊರೆಯಿತು. ಇದರ ಮನೆತನಕ್ಕೇ ಸ್ಟೀರಾಯ್ಡು ಎಂಬ, ಎಲ್ಲರೂ ಬೆದರುವ ಹೆಸರು. ಗುಳಿಗೆಯಾಗಿ ಬಹುಕಾಲ ನುಂಗಿದರೆ ಮುಖ ಬಾತು, ಮೂಳೆ ಸವೆದು, ಸಕ್ಕರೆ ಏರುವುದು ನಿಜ. ದೇಹದ ಸ್ವಂತ ಗ್ರಂಥಿಯು ಸೋಮಾರಿಯಾಗುವುದರಿಂದ ಥಟ್ಟನೆ ನಿಲ್ಲಿಸುವುದೂ ಅಪಾಯ. ಆದರೆ 1972ರಿಂದ ಬಂದ ಸೇದುವ ಸ್ಟೀರಾಯ್ಡಿನ ಪ್ರಮಾಣವನ್ನು ಮೈಕ್ರೋಗ್ರಾಮುಗಳಲ್ಲಿ ಅಳೆಯುತ್ತಾರೆ. ಗುಳಿಗೆಯಲ್ಲಿ ದಿನಕ್ಕೆ 40 ಮಿಲಿಗ್ರಾಂ ಕೊಡುವಲ್ಲಿ ಇಲ್ಲಿ 400 ಮೈಕ್ರೋಗ್ರಾಂ, ಎಂದರೆ ತೂಕದಲ್ಲಿ ನೂರರಲ್ಲೊಂದು ಪಾಲು, ಅದೂ ನೇರವಾಗಿ ಶ್ವಾಸನಾಳಕ್ಕೆ. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣಿನ ಭಯವೂ ಕಡಮೆ.

ವಿಚಿತ್ರವೆಂದರೆ, ಪಂಪಿಗೆ ಹೆದರುವ ಕುಟುಂಬವೇ ಹೆಸರಿಲ್ಲದ ಪುಡಿಯನ್ನು ಜೇನಿನಲ್ಲಿ ಕಲಸಿ ನಿಶ್ಚಿಂತೆಯಿಂದ ನೆಕ್ಕುತ್ತದೆ. ಇಂಥ ಕೆಲವು ಪುಡಿಗಳಲ್ಲಿ ಅದೇ ಸ್ಟೀರಾಯ್ಡು, ಅಳತೆಯಿಲ್ಲದೆ ಬೆರೆತಿದ್ದುದು ಪರೀಕ್ಷೆಯಲ್ಲಿ ಹೊರಬಿದ್ದಿದೆ. ಮತ್ತೆ ಕೆಲವರು ಬಿಗಿತವನ್ನು ಬಿಡಿಸುವ ಪಂಪೊಂದನ್ನೇ ನೆಚ್ಚಿಕೊಳ್ಳುತ್ತಾರೆ. ಕ್ಷಣದಲ್ಲಿ ಸುಖ ಸಿಕ್ಕುತ್ತದೆ, ಬಾವು ಒಳಗೇ ಬೆಳೆಯುತ್ತದೆ. 2019ರಿಂದ ಜಾಗತಿಕ ಮಾರ್ಗಸೂಚಿಗಳು ಈ ಪದ್ಧತಿಯನ್ನು ಶಿಫಾರಸು ಮಾಡುವುದನ್ನು ಬಿಟ್ಟು, ಬಾವಿನ ಮದ್ದೂ ಜೊತೆಯಲ್ಲಿರಬೇಕೆಂದು ಸಲಹೆ ಮಾಡಿವೆ.

ನಾವು ಪಾಠ ಹೇಳುವವರೇ ಹೊರತು ವೈದ್ಯರಲ್ಲ. ಆದರೂ ಒಂದು ಸಾಧನವನ್ನು ಹೇಳಬಹುದು. ಊದಿದ ಉಸಿರಿನ ವೇಗವನ್ನು ತೋರಿಸುವ ಸಣ್ಣ ಕೊಳವೆಯೊಂದು ಔಷಧದಂಗಡಿಗಳಲ್ಲಿ ದೊರೆಯುತ್ತದೆ. ಬೆಳಗೂ ಸಂಜೆಯೂ ಊದಿ ಅಂಕಿಯನ್ನು ಬರೆದಿಡಬೇಕು. ಪಕ್ಕದಲ್ಲಿ ಧೂಳಿನ ಕೆಲಸದ ದಿನಗಳನ್ನೂ, ಸ್ತ್ರೀಯರಾದರೆ ಮುಟ್ಟಿನ ತಾರೀಖನ್ನೂ ಗುರುತಿಸಬೇಕು. ಒಂದೆರಡು ತಿಂಗಳ ಈ ಹಾಳೆಯನ್ನು ಮುಂದಿಟ್ಟರೆ, ಉಸಿರು ಕುಸಿಯುವುದು ಗಾಳಿಯಿಂದಲೋ, ಗಡಿಯಾರದಿಂದಲೋ, ತಿಂಗಳ ಲೆಕ್ಕದಿಂದಲೋ ಎಂಬುದನ್ನು ವೈದ್ಯರು ಅಂಕಿಗಳಲ್ಲಿಯೇ ಓದಿಕೊಳ್ಳುವರು.