ರಿಲೇಯ ಪರೀಕ್ಷೆ

ಇರುಳಿನಲ್ಲಿ ಸಾಗುತ್ತಿರುವ ಮೋಟಾರು ಕಾರೊಂದರ ಮುಂಭಾಗದ ದೀಪಗಳೆರಡೂ ಹಠಾತ್ತನೆ ಆರಿಹೋದುವೆಂದು ಭಾವಿಸೋಣ. ಎರಡು ಬಲ್ಬುಗಳು ಒಂದೇ ಕ್ಷಣದಲ್ಲಿ ಸುಟ್ಟುಹೋಗುವುದು ವಿರಳ. ಎರಡಕ್ಕೂ ಸಾಮಾನ್ಯವಾದ ಯಾವುದೋ ಒಂದು ಭಾಗ ಕೆಟ್ಟಿರುವುದೇ ಹೆಚ್ಚು ಸಂಭವ. ಅನೇಕ ಕಾರುಗಳಲ್ಲಿ ಅಂತಹ ಭಾಗಗಳಲ್ಲೊಂದು ರಿಲೇ. ಅಂಗೈಯಲ್ಲಿ ಅಡಗುವ ಈ ಪುಟ್ಟ ಉಪಕರಣ ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ನಿರ್ಧರಿಸಬೇಕು.

ರಿಲೇಯ ಅವಶ್ಯಕತೆಯಾದರೂ ಏನು? 55 ವ್ಯಾಟಿನ ಎರಡು ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 9 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತವೆ. ಇಷ್ಟು ಪ್ರವಾಹವು ಚಾಲಕನ ಬಳಿಯ ಸ್ವಿಚ್ಚಿನ ಮೂಲಕವೇ ಹರಿದರೆ ಸ್ವಿಚ್ಚು ಬೇಗ ಸವೆಯುತ್ತದೆ. ಆದುದರಿಂದ ಸ್ವಿಚ್ಚು ಅಲ್ಪ ಪ್ರವಾಹವನ್ನು ಮಾತ್ರ ರಿಲೇಗೆ ಕಳುಹಿಸುತ್ತದೆ. ಅಧಿಕ ಪ್ರವಾಹವನ್ನು ರಿಲೇಯೇ ದೀಪಗಳಿಗೆ ಹಾಯಿಸುತ್ತದೆ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರಲ್ಲಿ ತೋರಿಸಿದ ತತ್ತ್ವವೇ ಇದಕ್ಕೆ ಆಧಾರ. ಹಿಂದೆ ಯೂರೋಪಿನಲ್ಲಿ ದೂರ ಪ್ರಯಾಣದ ನಡುವೆ ದಣಿದ ಕುದುರೆಗಳಿಗೆ ಬದಲಾಗಿ ಹೂಡುತ್ತಿದ್ದ ಹೊಸ ಕುದುರೆಗಳಿಗೆ ರಿಲೇ ಎಂಬ ಹೆಸರಿತ್ತು. ತಂತಿ ಸಂದೇಶದ ಕ್ಷೀಣ ಪ್ರವಾಹಕ್ಕೆ ಹೊಸ ಬಲವನ್ನು ಒದಗಿಸುತ್ತಿದ್ದ ಉಪಕರಣಕ್ಕೂ ಅದೇ ಹೆಸರು ಸಂದಿತು.

ರಿಲೇಯೊಳಗೆ ಎರಡು ಪ್ರತ್ಯೇಕ ಮಂಡಲಗಳಿವೆ. ಮೊದಲನೆಯದು ತಾಮ್ರದ ತಂತಿಯ ಸುರುಳಿ. ಇದರ ತುದಿಗಳನ್ನು ಸಾಮಾನ್ಯವಾಗಿ 85 ಮತ್ತು 86 ಎಂಬ ಸಂಖ್ಯೆಗಳಿಂದ ಗುರುತಿಸಿರುತ್ತಾರೆ. ಎರಡನೆಯದು ಲೋಹದ ಸಂಪರ್ಕ ಬಿಂದುಗಳದು. ಇದರ ತುದಿಗಳು 30 ಮತ್ತು 87. ಸುರುಳಿಯಲ್ಲಿ ಪ್ರವಾಹ ಹರಿದೊಡನೆ ಅದರ ನಡುವಣ ಮೆದು ಕಬ್ಬಿಣ ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಸೆಳೆಯುತ್ತದೆ. ಆಗ ಬಿಂದುಗಳು ಕೂಡುತ್ತವೆ.

ಮಂಡಲಗಳು ಎರಡಾದುದರಿಂದ ಪರೀಕ್ಷೆಯೂ ಎರಡು ಬಗೆಯದು. ಮೊದಲು ದೀಪದ ಸ್ವಿಚ್ಚನ್ನು ಆರಿಸಿ ರಿಲೇಯನ್ನು ಕಳಚಬೇಕು. 85 ಮತ್ತು 86ರ ನಡುವಣ ರೋಧವನ್ನು ಮಲ್ಟಿಮೀಟರಿನಿಂದ ಅಳೆದರೆ ಸಾಮಾನ್ಯವಾಗಿ 50ರಿಂದ 120 ಓಮ್‌ಗಳಷ್ಟು ದೊರೆಯುತ್ತದೆ. ಮೀಟರು ಅನಂತ ರೋಧವನ್ನು ತೋರಿಸಿದರೆ ಸುರುಳಿಯ ತಂತಿ ತುಂಡಾಗಿದೆಯೆಂದು ತಿಳಿಯಬೇಕು.

ಬಳಿಕ 30 ಮತ್ತು 87ರ ನಡುವೆ ಅಳೆಯಬೇಕು. ಈಗ ಸಂಪರ್ಕವಿರಕೂಡದು, ಇದ್ದರೆ ಬಿಂದುಗಳು ಬೆಸೆದುಕೊಂಡಿವೆ ಎಂದರ್ಥ. ಅನಂತರ ಫ್ಯೂಸಿನ ಮೂಲಕ 12 ವೋಲ್ಟನ್ನು ಸುರುಳಿಗೆ ಕೊಡಬೇಕು. ಕೆಲವು ರಿಲೇಗಳ ಸುರುಳಿಗೆ ಡಯೋಡನ್ನು ಜೋಡಿಸಿರುವುದರಿಂದ ಧನ-ಋಣ ತುದಿಗಳನ್ನು ಅದಲುಬದಲು ಮಾಡಬಾರದು. ರಿಲೇಯ ಮೇಲೆ ಮುದ್ರಿಸಿದ ಚಿತ್ರವನ್ನು ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಆಗ ‘ಟಿಕ್’ ಎಂಬ ಸದ್ದು ಕೇಳುತ್ತದೆ. ಹಲವರು ಇಲ್ಲಿಗೇ ಪರೀಕ್ಷೆಯನ್ನು ಮುಗಿಸಿಬಿಡುತ್ತಾರೆ. ಆದರೆ ಪಟ್ಟಿ ಚಲಿಸಿತೆಂಬುದಕ್ಕೆ ಮಾತ್ರ ಆ ಸದ್ದು ಸಾಕ್ಷಿ. ಪದೇ ಪದೇ ಕಿಡಿ ಹಾರಿ ಬಿಂದುಗಳು ಕರಕಾಗಿದ್ದರೆ, ಸದ್ದು ಕೇಳಿದರೂ ದೀಪ ಉರಿಯದು. ಆದುದರಿಂದ 30 ಮತ್ತು 87ರ ನಡುವಣ ರೋಧ ಈಗ ಸೊನ್ನೆಯ ಸಮೀಪಕ್ಕೆ ಇಳಿದಿದೆಯೇ ಎಂದು ನೋಡಬೇಕು.

ಇಷ್ಟೂ ಸಾಲದು. ಮೀಟರು ಹರಿಸುವ ಪ್ರವಾಹ ಅತ್ಯಲ್ಪ. ಕರಕಾದ ಬಿಂದುವೂ ಅದನ್ನು ಹಾಯಗೊಡಬಹುದು. ದೀಪವನ್ನೇ ಜೋಡಿಸಿ, ಅದು ಉರಿಯುತ್ತಿರುವಾಗ 30 ಮತ್ತು 87ರ ನಡುವಣ ವೋಲ್ಟೇಜನ್ನು ಅಳೆಯುವುದೇ ನಿಜವಾದ ಪರೀಕ್ಷೆ. ಒಳ್ಳೆಯ ರಿಲೇಯಲ್ಲಿ ಅದು ಅತ್ಯಲ್ಪವಾಗಿರುತ್ತದೆ. 9 ಆಂಪಿಯರ್ ಹರಿಯುವಲ್ಲಿ ಒಂದು ವೋಲ್ಟ್ ನಷ್ಟವಾದರೆ 9 ವ್ಯಾಟಿನಷ್ಟು ಶಕ್ತಿ ರಿಲೇಯೊಳಗೇ ಶಾಖವಾಗಿ ಮಾರ್ಪಡುತ್ತದೆ. ದೀಪ ಮಂಕಾಗುವುದಲ್ಲದೆ ರಿಲೇಯ ಹೊದಿಕೆಯೂ ಕರಗಬಹುದು.

ಈ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದ ರಿಲೇ ನಿರ್ದೋಷಿ. ದೋಷವನ್ನು ತಂತಿಯಲ್ಲಿಯೋ ಸ್ವಿಚ್ಚಿನಲ್ಲಿಯೋ ಹುಡುಕಬೇಕು. ಸರಿಯಿರುವ ವಸ್ತುವನ್ನು ಎಸೆದು ಹೊಸದನ್ನು ಕೊಂಡರೆ ಹಣ ವ್ಯರ್ಥವಾಗುತ್ತದೆ. ದೋಷವಾದರೋ ಇದ್ದಲ್ಲಿಯೇ ಉಳಿದು, ಮತ್ತೊಂದು ಇರುಳು ದಾರಿಯನ್ನು ಕತ್ತಲಾಗಿಸುತ್ತದೆ.