ಕುದುರೆಯ ನಡೆಯೂ ಗಣಕಯಂತ್ರವೂ

ನೌಬಾದದ ಕಡೆಯವರಾದ ನಾವು ಚದುರಂಗದ ಹಳಮೆಯನ್ನು ಬಹುದೂರ ಹುಡುಕಬೇಕಾಗಿಲ್ಲ. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಈ ಆಟವನ್ನೂ ವಿವರಿಸಿರುವನು. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅದೇ ಹಲಗೆಯ ಮೇಲೆ ಕುದುರೆಯ ಒಗಟುಗಳನ್ನು ಕಟ್ಟಿದರು. 1831ರಲ್ಲಿ ಆಡಳಿತವು ಆಂಗ್ಲರ ಕೈಸೇರಿದ ಮೇಲೂ ಅವರ ಬುದ್ಧಿಗೆ ಈ 64 ಮನೆಗಳ ರಾಜ್ಯವೊಂದು ಉಳಿದಿದ್ದಿತು.

ಒಗಟು ಹೀಗಿದೆ. ಕುದುರೆಯು ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಬೇಕು. ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕೆಗಳನ್ನು ಬರೆದರೆ ಮೊತ್ತವು 2080. ಎಂಟು ಸಾಲುಗಳಿಗೂ ಎಂಟು ಕಂಬಗಳಿಗೂ ತಲಾ 260 ಬರುವಂತೆ ನಡೆಸುವುದಾದರೆ ಅದು ಮಾಯಾಚೌಕ. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳಿಗೂ 260 ಬಂದೀತೆ? ಈ ಆಸೆಯಿಂದ ಎಷ್ಟು ಮಂದಿ ಎಷ್ಟು ರಾತ್ರಿಗಳ ದೀಪದೆಣ್ಣೆಯನ್ನು ಸುಟ್ಟರೋ!

2003ರಲ್ಲಿ ಗಣಕಯಂತ್ರಗಳು ಎರಡು ತಿಂಗಳಿಗೂ ಮೀರಿದ ಗಣನೆಯಿಂದ ಉತ್ತರವನ್ನು ಕೊಟ್ಟವು. ತಿರುಗಿಸಿದರೆ ಮತ್ತೊಂದರಂತೆಯೇ ಆಗುವವನ್ನು ಬಿಟ್ಟು ಇಂತಹ ಚೌಕಗಳು ಒಟ್ಟು 140. ಕರ್ಣಗಳೂ ಕೂಡಿಬರುವುದು ಒಂದೂ ಇಲ್ಲ.

ಯಂತ್ರವು ಎಣಿಸುವುದಲ್ಲದೆ ಒಗಟನ್ನು ಹೆಣೆಯುವುದೂ ಉಂಟು. 1951ರಲ್ಲಿ ಮ್ಯಾಂಚೆಸ್ಟರಿನಲ್ಲಿ ಡೀಟ್ರಿಚ್ ಪ್ರಿನ್ಸ್ ಎಂಬವರು ಎರಡು ನಡೆಗಳಲ್ಲಿ ರಾಜನನ್ನು ಕಟ್ಟುವ ಸಮಸ್ಯೆಗಳನ್ನು ಯಂತ್ರದಿಂದ ಬಿಡಿಸಿದ್ದರು. ಈಚೆಗೆ ಮಲೇಷಿಯಾದ ಅಜ್ಲಾನ್ ಇಕ್ಬಾಲರ 'ಚೆಸ್ಥೆಟಿಕಾ' ತಾನಾಗಿಯೇ ಕಾಯಿಗಳನ್ನು ಹೂಡಿ ಸಮಸ್ಯೆಗಳನ್ನು ರಚಿಸುತ್ತದೆ. ಮೊದಲ ನಡೆ ಒಂದೇ ಆಗಿರಬೇಕು, ಎರಡನೆಯ ದಾರಿ ತೆರೆದರೆ ಸಮಸ್ಯೆ ಕೆಟ್ಟಂತೆ. ಈ ಪರೀಕ್ಷೆಯಲ್ಲಿ ಯಂತ್ರಕ್ಕೆ ಎಣೆಯಿಲ್ಲ. ಚೆಲುವಿನ ಮಾತು ಬೇರೆ. 2025ರಲ್ಲಿ ಗೂಗಲ್ ಡೀಪ್‌ಮೈಂಡ್ ಸಂಸ್ಥೆಯವರು ಯಂತ್ರ ಹೆಣೆದ ಸಮಸ್ಯೆಗಳ ಪುಸ್ತಿಕೆಯೊಂದನ್ನು ಸಿದ್ಧಪಡಿಸಿ, ಅವುಗಳ ಸೊಗಸನ್ನು ತೂಗಲು ಮೂವರು ಚದುರಂಗ ಪಂಡಿತರನ್ನೇ ಕೇಳಬೇಕಾಯಿತು. ಸಮಸ್ಯಾಪೂರ್ತಿಯ ಸಭೆಗಳಲ್ಲಿ ತಲೆದೂಗುತ್ತಿದ್ದವರ ಕೆಲಸ ಇನ್ನೂ ಉಳಿದಿರುವುದೆಂದು ನನಗೆ ಸಂತೋಷ.

ಮನೆಯ ಮಕ್ಕಳು ಯಂತ್ರವಿಲ್ಲದೆಯೇ ಕುದುರೆಯನ್ನು ನಡೆಸಬಹುದು. 260ರ ಗೊಡವೆ ಮೊದಲಿಗೆ ಬೇಡ. 1823ರಲ್ಲಿ ವಾರ್ನ್ಸ್‌ಡಾರ್ಫ್ ಹೇಳಿದ ಉಪಾಯವೊಂದಿದೆ: ಮುಂದಕ್ಕೆ ಅತಿ ಕಡಮೆ ದಾರಿಗಳುಳ್ಳ ಮನೆಗೇ ಪ್ರತಿಸಲವೂ ಹಾರಿಸುವುದು. ಮುಟ್ಟಿದ ಮನೆಗಳ ಮೇಲೆ ಹುಣಿಸೆಬೀಜಗಳನ್ನು ಇಡುತ್ತ ಹೋದರೆ ಲೆಕ್ಕ ತಪ್ಪದು. ಮೂಲೆಯ ಮನೆಯಿಂದ ಹೊರಡಿರಿ.